ಬೆಲ್ಲದ ಜಂಬಪ್ಪನವರ ಕತ್ತಿ ಪ್ರಕರಣ

ಹೊಸಪೇಟೆ ಬಜಾರಿನ ಬೆಲ್ಲದ ಜಂಬಪ್ಪನವರಿಗೆ ಸಿಟ್ಟು ಬರಲು ಕಾರಣ ಬೇಕಾಗಿರಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುವಾಗ ಬಾಗಿಲ ಹಲಗೆಗಳ ಮೇಲೆ ಸಿಟ್ಟು, ಬಿಸಿಲು ಏರಿದ ಮೇಲೆ ಬೆಲ್ಲಕ್ಕೆ ಮುತ್ತುವ ನೊಣಗಳ ಮೇಲೆ ಸಿಟ್ಟು, ಸಂಜೆ ಹೊತ್ತಿಗೆ ತುಂಗಭದ್ರೆಯಲ್ಲಿ ನೀರು ಕಡಿಮೆಯಾಯಿತೆಂದು ಮದರಾಸು ಸರಕಾರದ ಮೇಲೆ ಸಿಟ್ಟು. ಇಡೀ ದಿನದಲ್ಲಿ ಅವರ ಮುಖ ಅರಳುತ್ತಿದ್ದದ್ದು ಒಂದೇ ಹೊತ್ತಿನಲ್ಲಿ. ಗಿರಾಕಿ ತಲೆಯೆತ್ತಿ, ಗದ್ದುಗೆಯ ಹಿಂದಿನ ಗೋಡೆಯಲ್ಲಿ ತೂಗುಹಾಕಿದ್ದ ಕತ್ತಿಯನ್ನು ನೋಡಿದಾಗ.

ಆ ಕತ್ತಿ ಅವರ ಅಜ್ಜನ ಕಾಲದಿಂದ ಮನೆಯಲ್ಲಿತ್ತು. ಚರ್ಮದ ಒರೆ ಒಣಗಿ ಬಿರಿದಿತ್ತು. ಹಿಡಿಗೆ ಯಾವುದೋ ಹಳೆ ಸೀರೆಯ ಅಂಚು ಸುತ್ತಿತ್ತು. ಜಂಬಪ್ಪನವರ ತಾಯಿ ಚೆನ್ನಬಸಮ್ಮ ಪ್ರತಿ ಸೋಮವಾರ ಅದಕ್ಕೆ ವಿಭೂತಿ ಹಚ್ಚಿ ಕೈಮುಗಿಯುತ್ತಿದ್ದರು. ಹೀಗೆ ಸುಮ್ಮನೆ ತನ್ನ ಪಾಡಿಗೆ ತೂಗುತ್ತಿದ್ದ ಕತ್ತಿಗೆ ಗ್ರಹಚಾರ ಹತ್ತಿದ್ದು, ಹಂಪಿ ನೋಡಲು ಬಂದಿದ್ದ ಒಬ್ಬ ಬಿಳಿಯ ದೊರೆ ಬಿಸಿಲು ತಾಳಲಾರದೆ ಅಂಗಡಿಯ ನೆರಳಿಗೆ ನಿಂತ ದಿನ. ಆತ ಅತ್ತಿತ್ತ ನೋಡಿ ಕತ್ತಿಯ ಕಡೆ ಬೆರಳು ತೋರಿಸಿ ಏನೋ ಅಂದ. ಜೊತೆಯಲ್ಲಿದ್ದ ಜವಾನ, ದೊರೆಗಳು ಹಳೇದು ಅನ್ನುತ್ತಾರೆ ಎಂದು ತಿಳಿಸಿದ. ದೊರೆ ಹೇಳಿದ್ದು ಹಳೆಯ ಅಂಗಡಿ ಎಂದೋ, ಹಳೆಯ ಬೆಲ್ಲ ಎಂದೋ ಯಾರಿಗೂ ಗೊತ್ತಿಲ್ಲ. ಜಂಬಪ್ಪನವರು ಮಾತ್ರ ಆ ದಿನ ಸಂಜೆಯೊಳಗೆ ಕತ್ತಿಯನ್ನು ವಿಜಯನಗರದ ಕಾಲಕ್ಕೆ ಒಯ್ದರು. ಮರುವಾರ ಅದು ರಾಯರ ಸೈನ್ಯದ್ದಾಯಿತು. ಯುಗಾದಿಯ ಹೊತ್ತಿಗೆ ಸಾಕ್ಷಾತ್ ರಾಯರೇ ಆನೆಯ ಮೇಲಿಂದ ಬಗ್ಗಿ, ಬೆಲ್ಲದ ಮನೆತನದ ಮೂಲಪುರುಷನ ಕೈಗೆ ಅದನ್ನು ಕೊಟ್ಟುಬಿಟ್ಟಿದ್ದರು. ಬೆಲ್ಲ ಕೊಳ್ಳಲು ಬಂದವರು ಈ ಕಥೆ ಪೂರಾ ಕೇಳದೆ ತಕ್ಕಡಿ ಮೇಲೇಳುತ್ತಿರಲಿಲ್ಲ.

ಮಹಾನವಮಿ ಹತ್ತಿರ ಬರುತ್ತಿದ್ದ ಒಂದು ಬೆಳಿಗ್ಗೆ ಜಂಬಪ್ಪನವರು ಅಂಗಡಿ ತೆರೆದು, ಗೋಡೆಗೆ ಕೈಮುಗಿದು, ಕಣ್ಣು ಬಿಟ್ಟರು. ಗೋಡೆಯಲ್ಲಿ ಮೊಳೆ ಮಾತ್ರ ಇತ್ತು.

ಅವರು ಮೊದಲು ಸಿಟ್ಟಾದದ್ದು ಮೊಳೆಯ ಮೇಲೆ. ಆಮೇಲೆ ಅಂಗಡಿಯ ಹಿಂದಿನ ಮನೆಯೊಳಗೆ ಹೋಗಿ ಹೆಂಡತಿ ಕೊಟ್ರಮ್ಮನನ್ನು, ಸೌದೆ ಒಡೆಯಲು ತೆಗೆದುಕೊಂಡೆಯಾ ಎಂದು ಕೇಳಿದರು. ಆಕೆ, ಆ ಕತ್ತಿ ಸೌದೆ ಒಡೆಯುವ ಹಾಗಿದ್ದರೆ ಮದುವೆಯಾದ ವರ್ಷವೇ ತೆಗೆದುಕೊಳ್ಳುತ್ತಿದ್ದೆ ಎಂದಳು. ಪಕ್ಕದ ಮನೆಯ ವಕೀಲ ಪ್ರಭಂಜನಾಚಾರ್ಯರು ಹಲ್ಲುಜ್ಜುತ್ತ ಜಗಲಿಯಲ್ಲಿ ನಿಂತಿದ್ದರು. ಜಂಬಪ್ಪನವರು ಅವರನ್ನೂ ಸಂಶಯದಿಂದ ನೋಡಿದರು. ಆಚಾರ್ಯರು ಬಾಯಿ ಮುಕ್ಕಳಿಸಿ, ತಮ್ಮ ಕೈಯಲ್ಲಿ ಇರುವುದು ಬೇವಿನ ಕಡ್ಡಿ ಎಂದು ತೋರಿಸಿದರು.

ಇದೆಲ್ಲ ಆದ ಮೇಲೆ ಚೆನ್ನಬಸಮ್ಮ ಹೊರಗೆ ಬಂದರು. ಎಪ್ಪತ್ತು ದಾಟಿದ ಮುದುಕಿ. ಬರಿ ಮೊಳೆಯನ್ನು ಬಹಳ ಹೊತ್ತು ನೋಡಿದರು. ಅಳಲಿಲ್ಲ, ಬೈಯಲಿಲ್ಲ. "ಕತ್ತಿ ಮನೀಗೆ ಬರೋತನಕ ನಾನು ಬೆಲ್ಲ ಬಾಯಾಗ ಹಾಕಂಗಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು.

ಬೆಲ್ಲದ ವ್ಯಾಪಾರಿಯ ಮನೆಯಲ್ಲಿ ಇದು ಸಣ್ಣ ಮಾತಲ್ಲ. ನೀರು ತರುವ ಹೆಂಗಸರು ಇದನ್ನು ಬಾವಿಕಟ್ಟೆಗೆ ಒಯ್ದರು. ಬಾವಿಕಟ್ಟೆಯಿಂದ ಹೊರಟಾಗ ಮಾತಿನಲ್ಲಿ ಕತ್ತಿ ಉಳಿದಿರಲಿಲ್ಲ. ಜಂಬಪ್ಪನ ಹೆತ್ತ ತಾಯಿಯೇ ಅವನ ಅಂಗಡಿ ಬೆಲ್ಲ ಮುಟ್ಟುವುದಿಲ್ಲವಂತೆ ಎಂಬುದಷ್ಟೇ ಉಳಿದಿತ್ತು. ಮಧ್ಯಾಹ್ನ ಗಾದಿಗನೂರಿನಿಂದ ಬಂದ ಗಿರಾಕಿಗಳು ಅಂಗಡಿಯ ಮುಂದೆ ನಿಂತು, ಬೆಲ್ಲದ ಅಚ್ಚನ್ನು ದೂರದಿಂದಲೇ ಮೂಸಿ ಎದುರಿನ ಅಂಗಡಿಗೆ ಹೋದರು. ಕತ್ತಿ ಹೋದರೆ ಮರ್ಯಾದೆ ಹೋಯಿತು ಎಂದುಕೊಂಡಿದ್ದ ಜಂಬಪ್ಪನವರಿಗೆ, ಅದರ ಹಿಂದೆಯೇ ವ್ಯಾಪಾರವೂ ಹೊರಟು ನಿಂತದ್ದು ಕಾಣಿಸಿತು. ರುಮಾಲು ಸುತ್ತಿಕೊಂಡು ಪೊಲೀಸ್ ಠಾಣೆಗೆ ನಡೆದರು.

ಠಾಣೆಯಲ್ಲಿದ್ದವರು ದಫೇದಾರ ತಿರುಮಲಯ್ಯ. ಸಾವಧಾನದ ಮನುಷ್ಯ. ಕಳುವಾದ ಮಾಲು ಹೇಗಿತ್ತು ಹೇಳಿ, ಬರೆದುಕೊಳ್ಳುತ್ತೇನೆ ಎಂದರು. ಜಂಬಪ್ಪನವರು ಬಾಯಿ ತೆರೆದರು. ಆಗ ಅವರಿಗೆ ಒಂದು ಭಯಂಕರ ಸಂಗತಿ ಹೊಳೆಯಿತು. ಇಷ್ಟು ವರ್ಷ ಅವರು ಕತ್ತಿಗೆ ಬೆನ್ನು ಕೊಟ್ಟು, ಗಿರಾಕಿಯ ಮುಖ ನೋಡುತ್ತ ಅದರ ವಿಷಯ ಹೇಳಿದ್ದರೇ ಹೊರತು, ತಿರುಗಿ ಅದನ್ನು ಸರಿಯಾಗಿ ನೋಡಿರಲೇ ಇಲ್ಲ.

ಹಾಗೆಂದು ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ. ಬಾಯಲ್ಲಿ ಹೇಳಿದರೆ ನಿಮಗೆ ತಿಳಿಯುವುದಿಲ್ಲ, ಹಂಪಿಗೆ ಬನ್ನಿ, ಕಲ್ಲಿನಲ್ಲೇ ತೋರಿಸುತ್ತೇನೆ ಎಂದು ಗದರಿದರು. ದಫೇದಾರರು ಉರಿಬಿಸಿಲಿನಲ್ಲಿ ಅವರ ಹಿಂದೆ ಹಂಪಿಯ ಕಂಬಗಳನ್ನು ಸುತ್ತಿದರು. ಮೊದಲ ಮಂಟಪದ ಸವಾರನ ಕತ್ತಿ ಜಂಬಪ್ಪನವರಿಗೆ ಚಿಕ್ಕದೆನಿಸಿತು. ಎರಡನೆಯದು ಡೊಂಕು. ಕೊನೆಗೆ ಒಂದು ಕಂಬದಲ್ಲಿ, ಸಿಂಹದ ಬಾಯಿಗೇ ಕತ್ತಿ ತುರುಕುತ್ತಿದ್ದ ವೀರನೊಬ್ಬ ಸಿಕ್ಕಿದ. ಜಂಬಪ್ಪನವರು ಅವನ ಹೆಗಲು ತಟ್ಟಿ, ಇಂಥದ್ದೇ ಎಂದರು. ಕಲ್ಲಿನಲ್ಲಿ ಕಾಣದಿದ್ದದ್ದನ್ನು ಬಾಯಲ್ಲಿ ಸೇರಿಸಿದರು: ಎದೆಮಟ್ಟದ ಉದ್ದ, ಬಂಗಾರದ ಹಿಡಿ, ಹಿಡಿಗೆ ಕೆಂಪು ಹರಳು, ಒರೆಯಿಂದ ಹಿರಿದರೆ ಕಣ್ಣು ಕುಕ್ಕುವ ಹೊಳಪು. ದಫೇದಾರರು ಬೆವರು ಒರೆಸಿಕೊಳ್ಳುತ್ತ ಎಲ್ಲವನ್ನೂ ಬರೆದುಕೊಂಡರು. ಕಮಲಾಪುರ, ಕಂಪ್ಲಿ, ತೋರಣಗಲ್ಲು, ಎಲ್ಲ ಕಡೆಗೂ ಈ ವರ್ಣನೆ ಹೋಯಿತು.

ಆ ವರ್ಣನೆಗೆ ಸರಿಹೊಂದುವ ಕತ್ತಿ ಇಡೀ ಸೀಮೆಯಲ್ಲಿ ಒಂದೇ ಇತ್ತು. ಅದು ಕೂಡಲೇ ಸಿಕ್ಕಿತು.

ಕಂಪ್ಲಿ ಕಡೆಯಿಂದ ಕತ್ತಿ ಬಂದಿದೆ ಎಂಬ ಸುದ್ದಿ ಕೇಳಿ ಜಂಬಪ್ಪನವರು ಓಡಿದರು. ಹಿಂದೆ ಬಜಾರಿನ ಅರ್ಧ ಜನ ಓಡಿತು. ಠಾಣೆಯ ಮೇಜಿನ ಮೇಲೆ ಎದೆಮಟ್ಟದ ಕತ್ತಿಯೊಂದು ಝಗಝಗಿಸುತ್ತಿತ್ತು. ಬಂಗಾರದ ಹಿಡಿ, ಕೆಂಪು ಹರಳು, ಒಂದಕ್ಕೂ ಕೊರತೆಯಿರಲಿಲ್ಲ. ಅದನ್ನು ಕಂಡು ಜಂಬಪ್ಪನವರು ಒಂದು ಕ್ಷಣ ತಡೆದರು. ಆದರೆ ಹಿಂದೆ ನಿಂತವರೆಲ್ಲ ಅವರ ಬಾಯಿಂದ ಕೇಳಿದ್ದ ಕತ್ತಿ ಇದೇ ಆಗಿತ್ತು. ಎಲ್ಲರೂ ಅವರ ಮುಖ ನೋಡುತ್ತಿದ್ದರು.

"ಇದ ನಂದು" ಎಂದರು ಜಂಬಪ್ಪನವರು. ಎಂದು ಸುಮ್ಮನಾಗದೆ, ಜನಕ್ಕೆ ಕಾಣಲಿ ಎಂದು ಕತ್ತಿಯನ್ನು ತಲೆಯ ಮೇಲೆ ಎತ್ತಿದರು. ಅದು ನಿರೀಕ್ಷೆಗಿಂತ ಬಹಳ ಹಗುರವಾಗಿದ್ದುದರಿಂದ ಕೈ ಜೋರಾಗಿ ಹೋಗಿ, ತುದಿ ಠಾಣೆಯ ತೊಲೆಗೆ ಬಡಿದು ಲಟಕ್ಕನೆ ಮುರಿಯಿತು. ಮುರಿದಲ್ಲಿ ಒಳಗಿನ ಮರ ಕಾಣಿಸಿತು. ಕೆಂಪು ಹರಳು ಕಿತ್ತು, ದಫೇದಾರರ ಬೆಂಚಿನ ಕೆಳಗೆ ಉರುಳಿ ಹೋಯಿತು.

ಅಷ್ಟು ಹೊತ್ತಿಗೆ ಜನರನ್ನು ತಳ್ಳಿಕೊಂಡು ಒಬ್ಬ ದಪ್ಪನೆಯ ಮನುಷ್ಯ ಒಳಗೆ ನುಗ್ಗಿದ. ಕಂಪ್ಲಿಯಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯ ಮಾಲೀಕ ಶೀನಪ್ಪ. ಅವನಿಗೂ ಸಿಟ್ಟು ಬಂದಿತ್ತು, ನ್ಯಾಯವಾದ ಸಿಟ್ಟು. ಕತ್ತಿಯನ್ನು ಪೊಲೀಸರು ಒಯ್ದಂದಿನಿಂದ ಅವನ ಕಂಪನಿಯ ಮಹಾರಾಜ ಛತ್ರಿ ಹಿಡಿದು ಯುದ್ಧ ಮಾಡುತ್ತಿದ್ದ. ಪ್ರೇಕ್ಷಕರು, ಮಳೆ ಬಂತೇನಪ್ಪಾ ಎಂದು ಕೂಗುತ್ತಿದ್ದರು. ಶೀನಪ್ಪ ಮುರಿದ ತುಂಡನ್ನು ಎತ್ತಿಕೊಂಡು, ಇವತ್ತು ನಮ್ಮ ರಾಜ ಏನು ಹಿಡಿಯಬೇಕು ಎಂದು ಕೇಳಿದ. ಜಂಬಪ್ಪನವರು, ತಪ್ಪಾಯಿತು ಎನ್ನಬಹುದಾಗಿದ್ದ ಜಾಗದಲ್ಲಿ, ಮರದ ಕತ್ತಿ ಹಿಡಿದು ರಾಜ್ಯ ಆಳುವವನಿಗೆ ಸೌಟು ಸಾಕು ಎಂದುಬಿಟ್ಟರು. ಇಬ್ಬರನ್ನೂ ಬಿಡಿಸಲು ಮೂರು ಪೇದೆಗಳು ಬೇಕಾದರು.

ಆ ದಿನದಿಂದ ಬಜಾರಿನಲ್ಲಿ ಜಂಬಪ್ಪನವರು ತಲೆಯೆತ್ತುವಂತಿರಲಿಲ್ಲ. ಅಂಗಡಿಯ ಮುಂದೆ ಹಾದುಹೋಗುವವರು ಇಲ್ಲದ ತೊಲೆ ತಲೆಗೆ ಬಡಿದೀತೆಂಬಂತೆ ಬಗ್ಗಿ ನಡೆಯುತ್ತಿದ್ದರು. ಮನೆಯಲ್ಲಿ ಚೆನ್ನಬಸಮ್ಮ ಹಬ್ಬದ ಹೋಳಿಗೆಯನ್ನೂ ಮುಟ್ಟದೆ ರೊಟ್ಟಿ, ಖಾರ ತಿಂದು ಎದ್ದರು. ಅವರು ಸೊರಗಿದ್ದು ಕಣ್ಣಿಗೆ ಕಾಣುತ್ತಿತ್ತು. ಸೋಮವಾರ ವಿಭೂತಿ ಹಿಡಿದು ಹೊರಗೆ ಬಂದು, ಬರಿ ಮೊಳೆಗೆ ಹಚ್ಚಿ ಹೋದರು. ಅದನ್ನು ನೋಡಿದ ಜಂಬಪ್ಪನವರು ಆ ದಿನ ಯಾರ ಮೇಲೂ ಸಿಟ್ಟಾಗಲಿಲ್ಲ. ಕೊಟ್ರಮ್ಮ ಹೆದರಿ, ಮೈಯಲ್ಲಿ ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡಿದಳು.

ನಿಜವಾದ ಕತ್ತಿ ಸಿಕ್ಕಿದ್ದು ಸಂಡೂರಿನಲ್ಲಿ. ಸಿಕ್ಕಿದ್ದು ಪೊಲೀಸರಿಂದಲ್ಲ, ಜಂಬಪ್ಪನವರ ಬಾಯಿಯಿಂದ.

ಕದ್ದವನ ಹೆಸರು ಎರ್ರಿಯಪ್ಪ. ಪಾಪಿನಾಯಕನಹಳ್ಳಿಯವನು. ಬೆಲ್ಲದ ಬಂಡಿ ಇಳಿಸಲು ಬಂದಾಗಲೆಲ್ಲ ಆನೆ, ರಾಯರು, ಮೂಲಪುರುಷ, ಎಲ್ಲವನ್ನೂ ಕೇಳಿ ಕೇಳಿ ಅವನಿಗೆ ಬಾಯಿಪಾಠವಾಗಿತ್ತು. ಕದ್ದ ಕತ್ತಿಯನ್ನು ಅವನು ಸಂಡೂರಿಗೆ ಒಯ್ದು, ಅಲ್ಲಿಯ ಸಂತೆಯಲ್ಲಿ ಒಬ್ಬ ಸಾಹುಕಾರನ ಮುಂದೆ ಹಿಡಿದು, ಜಂಬಪ್ಪನವರ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸತೊಡಗಿದ. ಎಲ್ಲಿ ದನಿ ಏರಿಸಬೇಕು, ಎಲ್ಲಿ ತೊಡೆ ತಟ್ಟಬೇಕು, ಅದೂ ತಪ್ಪಲಿಲ್ಲ. ಪಕ್ಕದಲ್ಲೇ ನಿಂತಿದ್ದ ಮಿಠಾಯಿ ಅಂಗಡಿಯವನು ವರ್ಷಗಟ್ಟಲೆ ಜಂಬಪ್ಪನವರಲ್ಲಿ ಬೆಲ್ಲ ಕೊಂಡವನು. ರಾಯರು ಆನೆಯ ಮೇಲಿಂದ ಬಗ್ಗುವ ಹೊತ್ತಿಗೆ ಅವನು, ಇದು ಹೊಸಪೇಟೆ ಜಂಬಪ್ಪನ ಕಥೆ, ಇವನ ಬಾಯಿಗೆ ಹೇಗೆ ಬಂತು ಎಂದು ಕೂಗಿ ಎರ್ರಿಯಪ್ಪನ ರಟ್ಟೆ ಹಿಡಿದ.

ಸಂಡೂರು ಬೇರೆ ಸಂಸ್ಥಾನ. ಅಲ್ಲಿಯ ಅರಸರು ಬೇರೆ, ಅಲ್ಲಿಯ ಪೊಲೀಸರು ಬೇರೆ. ಹೊಸಪೇಟೆಯಿಂದ ಬಂಡಿ ಹೂಡಿದರೆ ಮುಟ್ಟುವ ಊರಿನಿಂದ ಒಂದು ತುಕ್ಕು ಕತ್ತಿ, ಒಬ್ಬ ಕಳ್ಳ ಈ ಕಡೆ ಬರಲು ಎರಡು ಸರಕಾರಗಳು ಒಂದನ್ನೊಂದು ವಿಚಾರಿಸಿಕೊಳ್ಳಬೇಕಾಯಿತು. ಅವು ವಿಚಾರಿಸಿಕೊಳ್ಳುವಷ್ಟರಲ್ಲಿ ದೀಪಾವಳಿ ಕಳೆಯಿತು, ಕಬ್ಬು ಕಡಿಯುವ ಕಾಲ ಬಂತು. ಅಂತೂ ಕತ್ತಿ, ಕಳ್ಳ ಇಬ್ಬರೂ ಹೊಸಪೇಟೆಯ ಮ್ಯಾಜಿಸ್ಟ್ರೇಟರ ಮುಂದೆ ಬಂದರು.

ಮ್ಯಾಜಿಸ್ಟ್ರೇಟರು ಮದರಾಸಿನ ಕಡೆಯವರು. ಕನ್ನಡವನ್ನು ಪುಸ್ತಕದಿಂದ ಕಲಿತವರು. ಅವರ ಒಂದು ಕೈಯಲ್ಲಿ ಜಂಬಪ್ಪನವರು ಕೊಟ್ಟ ವರ್ಣನೆ, ಎದುರಿಗೆ ಮೇಜಿನ ಮೇಲೆ ಕತ್ತಿ. ಬಹಳ ಹೊತ್ತು ಇದನ್ನೂ ಅದನ್ನೂ ನೋಡಿದರು. ಬಂಗಾರ ಎಲ್ಲಿ, ಹರಳು ಎಲ್ಲಿ, ಎದೆಮಟ್ಟ ಎಂದಿರುವುದು ಯಾರ ಎದೆಯ ಮಟ್ಟ ಎಂದು ವಿಚಾರಿಸಿದರು. ಸಾಲದ್ದಕ್ಕೆ ಈತ ಹಿಂದೆ ನಾಟಕದವರ ಕತ್ತಿಯನ್ನೂ ತನ್ನದೆಂದು ಹೇಳಿದ್ದಾನಲ್ಲ ಎಂದರು.

ಜಂಬಪ್ಪನವರ ಪರವಾಗಿ ಪ್ರಭಂಜನಾಚಾರ್ಯರು ಎದ್ದರು. ಮನೆಯಿಂದ ಹೊರಡುವಾಗಲೇ ಅವರು ಜಂಬಪ್ಪನವರಿಗೆ ಕೈಮುಗಿದು, ಕಚೇರಿಯಲ್ಲಿ ಏನೇ ಆದರೂ ಬಾಯಿ ತೆರೆಯಬೇಡಿ ಎಂದು ಬೇಡಿಕೊಂಡಿದ್ದರು. ಈಗ ಅವರು, ನನ್ನ ಕಕ್ಷಿದಾರರು ಅಭಿಮಾನದಿಂದ ಸ್ವಲ್ಪ ಹೆಚ್ಚು ಹೇಳಿದ್ದು ನಿಜ, ಕತ್ತಿ ಹಳೆಯದು, ತುಕ್ಕಿನದು, ಬೆಲೆಯಿಲ್ಲದ್ದು, ಆದರೆ ಅವರದೇ ಎಂದು ನಯವಾಗಿ ವಾದಿಸಿದರು. ಬೆಲೆಯಿಲ್ಲದ್ದು ಎಂಬ ಮಾತು ಕೇಳಿದಾಗ ಜಂಬಪ್ಪನವರ ಕಿವಿ ಕೆಂಪಾಯಿತು. ಆದರೂ ಹಲ್ಲು ಕಚ್ಚಿ ಸಹಿಸಿಕೊಂಡರು.

ಆಮೇಲೆ ಕಳ್ಳನನ್ನು ಕೇಳಿದರು. ಎರ್ರಿಯಪ್ಪ ಕದ್ದದ್ದನ್ನು ಒಪ್ಪಿಕೊಳ್ಳಲು ತಡಮಾಡಲಿಲ್ಲ. ಅವನು ಕಾಯುತ್ತಿದ್ದದ್ದೇ ಈ ಗಳಿಗೆಗೆ. ಕೈಗೆ ಬೇಡಿ ಇದ್ದುದರಿಂದ ಗದ್ದದಿಂದಲೇ ಜಂಬಪ್ಪನವರ ಕಡೆ ತೋರಿಸಿದ.

"ಕದ್ದೀನ್ರಿ, ಇವರ ಅಂಗಡೀಲಿಂದನ ಕದ್ದೀನಿ. ಆದ್ರ ಸ್ವಾಮಿ, ಮೋಸ ಹೋದಾವ ನಾನು. ಕಂಪ್ಲಿ ಕಮ್ಮಾರ ಇದನ್ನ ನೋಡಿ, ಕುಡುಗೋಲು ಮಾಡಾಕೂ ಬರಂಗಿಲ್ಲ ಅಂದ. ಒರಿಯಿಂದ ಹೊರಗ ಬರವೊಲ್ಲದು. ಹುಣಸೀ ಗಿಡಕ್ಕ ಕಟ್ಟಿ ಜಗ್ಗೀನಿ, ಬರಲಿಲ್ಲ. ಇವರ ಮಾತು ನಂಬಿ ಸಂಡೂರು ಗುಡ್ಡ ಹತ್ತಿ ಇಳಿದು ನನ್ನ ಕಾಲು ಬಾತು ಹೋದ್ವು. ಕೇಸು ಹಾಕೋದಿದ್ರ ಇವರ ಮ್ಯಾಲೂ ಹಾಕ್ರಿ."

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಪ್ರಭಂಜನಾಚಾರ್ಯರು ಮಾತ್ರ ಸಂತೋಷದಿಂದ ಕೈ ಉಜ್ಜಿಕೊಂಡರು. ಕಳ್ಳನೇ ಇವರ ಅಂಗಡಿಯದು ಎಂದ ಮೇಲೆ ಇನ್ನೇನು ಬೇಕು? ಮ್ಯಾಜಿಸ್ಟ್ರೇಟರು ಲೇಖನಿ ಎತ್ತಿದರು. ಇನ್ನೊಂದು ಗಳಿಗೆ ಜಂಬಪ್ಪನವರು ಸುಮ್ಮನಿದ್ದಿದ್ದರೆ ಪ್ರಕರಣ ಮುಗಿಯುತ್ತಿತ್ತು.

ಜಂಬಪ್ಪನವರು ಎದ್ದು ನಿಂತರು. ಆಚಾರ್ಯರು ಅವರ ಅಂಗಿಯ ತುದಿ ಹಿಡಿದು ಜಗ್ಗಿದರು. ಅಂಗಿ ಹರಿಯಿತೇ ಹೊರತು ಜಂಬಪ್ಪನವರು ಕೂಡಲಿಲ್ಲ.

"ಲೇ, ಕುಡುಗೋಲು ಮಾಡಾಕ ಹೋಗಿದ್ದೇನಲೇ ಅದನ್ನ? ರಾಯರ ಕೈ ಮುಟ್ಟಿದ ಕತ್ತಿ ಅದು. ಆನಿ ಮ್ಯಾಲಿಂದ ಬಗ್ಗಿ ಕೊಟ್ಟಾರ. ನಿನ್ನಂಥ ಕಳ್ಳಗ ಏನು ತಿಳೀತೈತಿ ಅದರ ಬೆಲಿ."

ಮ್ಯಾಜಿಸ್ಟ್ರೇಟರು ಲೇಖನಿ ಕೆಳಗಿಟ್ಟರು. ಬಹಳ ಶಾಂತವಾಗಿ, ಅದು ಅಷ್ಟು ಪ್ರಾಚೀನ ರಾಜಾಯುಧವೇ ಆಗಿದ್ದರೆ ಅದನ್ನು ಬೆಲ್ಲದ ಅಂಗಡಿಯಲ್ಲಿ ಇಡುವುದು ಯೋಗ್ಯವಲ್ಲ, ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಕಳುಹಿಸುವ ವಿಚಾರ ಮಾಡಬೇಕಾಗುತ್ತದೆ, ಸಾಮಾನ್ಯ ತುಕ್ಕು ಕತ್ತಿಯಾದರೆ ಈಗಲೇ ಒಯ್ಯಬಹುದು ಎಂದರು. ಎರಡರಲ್ಲಿ ಯಾವುದು, ತಾವೇ ಹೇಳಿ ಎಂದು ಜಂಬಪ್ಪನವರನ್ನು ನೋಡಿದರು.

ಜಂಬಪ್ಪನವರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ರಾಯರನ್ನು ಬಿಟ್ಟರೆ ಬಜಾರಿನಲ್ಲಿ ಬದುಕುವುದು ಹೇಗೆ, ಕತ್ತಿಯನ್ನು ಬಿಟ್ಟರೆ ಮನೆಗೆ ಹೋಗುವುದು ಹೇಗೆ?

ಆಗ ಹಿಂದಿನ ಸಾಲಿನಿಂದ ಚೆನ್ನಬಸಮ್ಮ ಎದ್ದರು. ಕೂಡಲು ಹೇಳಿದ ಜವಾನನ ಕೈಯನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದು ನಿಂತರು. ಅವರ ಮುಖದಲ್ಲಿ ಇದ್ದ ಸಿಟ್ಟಿನ ಮುಂದೆ ಮಗನ ಸಿಟ್ಟೆಲ್ಲ ಮಕ್ಕಳಾಟ.

"ಯಾವ ರಾಯನೂ ಕೊಟ್ಟಿಲ್ರಿ ಅದನ್ನ. ನಮ್ಮ ಮಾವ ಅದನ್ನ ಎಲ್ಲಿಂದ ತಂದಿದ್ರೋ ನನಗ ಗೊತ್ತಿಲ್ಲ. ಧಾತು ಸಂವತ್ಸರದ ಬರದಾಗ ನಾನು ಸಣ್ಣಾಕಿ, ಹೊಸದಾಗಿ ಈ ಮನೀಗೆ ಬಂದಿದ್ದೆ. ಜನ ದಾರಿ ಮ್ಯಾಲ ಬಿದ್ದು ಸಾಯತಿದ್ರು. ನಮ್ಮ ಮಾವ ಸಂಡೂರು ಕಡೆಯಿಂದ ಜೋಳದ ಬಂಡಿ ತರ್ತಿದ್ರು. ಕಾವಲಿಗೆ ಅಂತ ಸ್ವಂಟಕ್ಕ ಇದನ್ನ ಕಟಗೊಂಡಿದ್ರು. ಗುಡ್ಡದ ಇಳಿವಿನ್ಯಾಗ ಹಸಿದ ಮಂದಿ ಬಂಡಿಗೆ ಅಡ್ಡ ಬಂತು. ಹೆಂಗಸ್ರು, ಕೂಸುಗಳು. ಮಾವ ಸಿಟ್ಟಿನ ಮನಶ್ಯಾ. ಕತ್ತಿ ಹಿರಿಯಾಕ ಹೋದ್ರು."

ಮುದುಕಿ ಉಸಿರು ತೆಗೆದುಕೊಂಡರು. ಮ್ಯಾಜಿಸ್ಟ್ರೇಟರು ಅವರಿಗೆ ಕುರ್ಚಿ ಹಾಕಲು ಸನ್ನೆ ಮಾಡಿದರು. ಅವರು ಕೂಡಲಿಲ್ಲ.

"ಬರಲಿಲ್ರಿ. ಜಗ್ಗಿದ್ರು, ಬರಲಿಲ್ಲ. ಅಷ್ಟರಾಗ ಎದುರಿಗಿದ್ದ ಒಂದು ಕೂಸಿನ ಮಾರಿ ನೋಡಿದ್ರಂತ. ಕತ್ತಿ ಬಿಟ್ಟು ಚೀಲದ ಬಾಯಿ ಬಿಚ್ಚಿದ್ರು. ಅವತ್ತು ಮನೀಗೆ ಬಂಡಿ ಖಾಲಿ ಬಂತು. ಸಾಯೋತನಕ ಮಾವ ಹೇಳ್ತಿದ್ರು, ಅದು ಹೊರಗ ಬಂದಿದ್ರ ನಮ್ಮ ವಂಶ ಉದ್ಧಾರ ಆಗತಿದ್ದಿಲ್ಲ ಅಂತ. ಅದು ಬರಲಿಲ್ಲ ಅಂತ ನಾನು ವಿಭೂತಿ ಹಚ್ಚತೀನಿ. ರಾಯಂದು ಅಂತ ಅಲ್ಲ."

ಮ್ಯಾಜಿಸ್ಟ್ರೇಟರು ತಾವೇ ಕತ್ತಿಯನ್ನು ಎತ್ತಿ, ಹಿಡಿಯನ್ನು ಒಮ್ಮೆ ಎಳೆದು ನೋಡಿದರು. ಅದು ಅಲ್ಲಾಡಲಿಲ್ಲ. ಹೊರಗೆ ಬಾರದ ಆಯುಧದಿಂದ ಸರಕಾರಕ್ಕೆ ಅಪಾಯವಿಲ್ಲ, ವಸ್ತುಸಂಗ್ರಹಾಲಯಕ್ಕೆ ಉಪಯೋಗವೂ ಇಲ್ಲ, ಇದನ್ನು ಈ ತಾಯಿಯ ಕೈಗೆ ಕೊಡತಕ್ಕದ್ದು ಎಂದು ಬರೆಸಿದರು. ಜಂಬಪ್ಪನ ಕೈಗೆ ಎಂದು ಬರೆಸಲಿಲ್ಲ. ಆಮೇಲೆ ಜಂಬಪ್ಪನವರ ಕಡೆ ತಿರುಗಿ, ಕಲ್ಲು ನೋಡಿಕೊಂಡು ಪೊಲೀಸರಿಗೆ ವರ್ಣನೆ ಕೊಟ್ಟದ್ದಕ್ಕೆ ಪುಸ್ತಕದ ಕನ್ನಡದಲ್ಲಿ ಚೆನ್ನಾಗಿ ಛೀಮಾರಿ ಹಾಕಿದರು. ಕೇಳುತ್ತ ನಿಂತಿದ್ದ ದಫೇದಾರ ತಿರುಮಲಯ್ಯನವರಿಗೆ ಹಂಪಿಯ ಬಿಸಿಲೆಲ್ಲ ಅಂದು ತಣ್ಣಗಾಯಿತು. ಎರ್ರಿಯಪ್ಪನಿಗೆ ಸಜೆಯಾಯಿತು, ತಾನೇ ಒಪ್ಪಿಕೊಂಡನೆಂದು ಕಡಿಮೆ ಸಜೆ.

ಹೊರಗೆ ಬೇವಿನ ಮರದ ಕೆಳಗೆ ಜಟಕಾ ನಿಂತಿತ್ತು. ಚೆನ್ನಬಸಮ್ಮ ಕತ್ತಿಯನ್ನು ಸೆರಗಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದರು. ಪೇದೆಗಳು ಎರ್ರಿಯಪ್ಪನನ್ನು ಅದೇ ದಾರಿಯಲ್ಲಿ ಕರೆದೊಯ್ಯುತ್ತಿದ್ದರು. ಜಟಕಾದ ಹತ್ತಿರ ಬಂದಾಗ ಅವನು ನಿಂತ. ಜಂಬಪ್ಪನವರು ಹೊಡೆಯುವುದಕ್ಕೋ ಹೊಡೆಸಿಕೊಳ್ಳುವುದಕ್ಕೋ ಸಿದ್ಧರಾದರು.

"ಸಾವ್ಕಾರ್ರ" ಎಂದ ಎರ್ರಿಯಪ್ಪ, ಈಗ ಸಿಟ್ಟಿಲ್ಲದೆ. "ಅವ್ವಾರು ಹೇಳಿದ್ದನ್ನ ಅಂಗಡ್ಯಾಗ ಹೇಳಿದ್ರ ನಾನು ಕದೀತಿದ್ದಿಲ್ರಿ."

ಪೇದೆ ಅವನನ್ನು ಮುಂದಕ್ಕೆ ತಳ್ಳಿದ. ಜಂಬಪ್ಪನವರು ಅವನು ಹೋದ ದಾರಿಯನ್ನು ನೋಡುತ್ತ ನಿಂತರು. ಕಳ್ಳನ ಮಾತು ಎಲ್ಲೋ ಚುಚ್ಚಿತು. ಅಭ್ಯಾಸಬಲದಿಂದ ಅದೂ ಸಿಟ್ಟೇ ಎಂದು ತಿಳಿದು, ಜಟಕಾ ಹತ್ತಿದ ಕೂಡಲೇ ತಾಯಿಯ ಮೇಲೆ ಹರಿಹಾಯ್ದರು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದೂ, ಇಂಥ ಮಾತನ್ನು ಹೆತ್ತ ಮಗನಿಗೆ ಹೇಳದೆ, ಊರ ಮಂದಿಯ ಮುಂದೆ, ಕಳ್ಳನ ಮುಂದೆ ಹೇಳುವುದೇ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೂಗಾಡಿದರು. ಕುದುರೆ ಬೆದರಿ ಕಿವಿ ನಿಮಿರಿಸಿತು.

ಚೆನ್ನಬಸಮ್ಮ ಮಗನ ಕೂಗು ಮುಗಿಯುವತನಕ ಕಾದರು.

"ನೀ ಯಾವಾಗ ಬಾಯಿ ಮುಚ್ಚಿದ್ದಿ ಜಂಬ್ಯಾ, ನಾ ಹೇಳಾಕ?"

ಜಂಬಪ್ಪನವರು ಉತ್ತರ ಕೊಡಲು ಬಾಯಿ ತೆರೆದರು. ತೆರೆದ ಮೇಲೆ ಏನನ್ನಿಸಿತೋ, ಮುಚ್ಚಿದರು. ಜಟಕಾ ಬಜಾರಿನ ನಡುವೆ ಮನೆಯತ್ತ ಸಾಗಿತು. ಅಂಗಡಿಯವರು ಹೊರಗೆ ಬಂದು, ಏನಾಯಿತು ಜಂಬಪ್ಪನವರೇ ಎಂದು ಕೇಳಿದರು. ಜಂಬಪ್ಪನವರು ಯಾರೊಂದಿಗೂ ಒಂದು ಮಾತು ಆಡಲಿಲ್ಲ, ಯಾರನ್ನೂ ಬೈಯಲಿಲ್ಲ. ತಾಯಿಯ ತೊಡೆಯ ಮೇಲಿದ್ದ ಸೆರಗಿನ ಗಂಟು ಜಾರದಂತೆ ಒಂದು ಕೈಯಿಂದ ಹಿಡಿದುಕೊಂಡು, ತಲೆ ತಗ್ಗಿಸಿ ಕೂತಿದ್ದರು.

ಅವರನ್ನು ಹಾಗೆ ಕಂಡ ಹೊಸಪೇಟೆಯ ಜನ, ಪಾಪ, ಕೇಸು ಸೋತರು ಎಂದು ನಿರ್ಧರಿಸಿ ತಮ್ಮ ತಮ್ಮ ಕೆಲಸಕ್ಕೆ ಹೋದರು.